ಫಿಲೋಮಿನಾಳ ದೊಡ್ಡ ಕುಕ್ಕರ್

ಸೋರಿಕೆ ಹಿಡಿಯುವುದರಲ್ಲಿ ತನ್ನನ್ನು ಮೀರಿಸುವವರು ಶೋವ್ಡೆಯ ಎಂಜಿನ್ ಕಾರ್ಖಾನೆಯಲ್ಲೇ ಇಲ್ಲ ಎಂದು ಸಿಪ್ರಿಯನ್ ಹೇಳಿಕೊಳ್ಳುತ್ತಿದ್ದ. ಹಾಗೆಂದು ಬೇರೆ ಯಾರಾದರೂ ಹೇಳಿದ್ದು ಗೊತ್ತಿಲ್ಲ, ಅಲ್ಲಗಳೆದದ್ದೂ ಗೊತ್ತಿಲ್ಲ. ಬೆಳ್ಮಣ್ಣಿನ ಹತ್ತಿರ ಹುಟ್ಟಿ, ಮಂಗಳೂರಿನಲ್ಲಿ ಐಟಿಐ ಮುಗಿಸಿ, ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ನೋಡಿಕೊಂಡಿದ್ದು, ಬಹರೈನಿನಲ್ಲಿ ಒಂದಷ್ಟು ವರ್ಷ ಬಿಸಿಲು ತಿಂದು, ಕೊನೆಗೆ ಸ್ವೀಡನ್ನಿನ ಈ ಊರಿಗೆ ಬಂದು ನೆಲೆಯಾದವನು. ಕಾರ್ಖಾನೆಯಲ್ಲಿ ಅವನ ಕೆಲಸ ಲೀಕ್ ಟೆಸ್ಟ್. ಎಂಜಿನ್ನಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಕೂದಲೆಳೆಯಷ್ಟು ಸಂದಿನಿಂದ ಹೊರಗಿನ ಗಾಳಿ ನುಗ್ಗುತ್ತದೆಯೋ ಎಂದು ನೋಡುವುದು. ನಿವೃತ್ತಿಯಾಗುವ ತನಕ ಅದನ್ನೇ ಮಾಡಿದ.

ಹೆಂಡತಿ ಫಿಲೋಮಿನಾ ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಅವರ ಕಥೆ ಕೇಳಿ ದುಡಿದವಳು. ಮನೆಮಾತು ಕೊಂಕಣಿಯಾದರೂ ಅವಳು ಕನ್ನಡ ಮೇಷ್ಟ್ರ ಮಗಳು; ಜಗಳಕ್ಕೂ ಮುದ್ದಿಗೂ ಅವಳಿಗೆ ಕನ್ನಡವೇ ಆಗಬೇಕು. ಹಾಗಾಗಿ ಆ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಒಬ್ಬನೇ ಮಗ ಗ್ಲೆನ್ ಎರಡಕ್ಕೂ ಅರ್ಧ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತ ಬೆಳೆದ.

ಸಿಪ್ರಿಯನ್‌ಗೆ ಒಂದು ಹಠವಿತ್ತು. ಅವನ ಊರಿನಲ್ಲಿ ಮೊಂತಿ ಹಬ್ಬದ ದಿನ ಚರ್ಚಿನಿಂದ ತಂದ ಹೊಸ ತೆನೆಯ ಕಾಳು ಸುಲಿದು, ಕುಟ್ಟಿ, ತೆಂಗಿನ ಹಾಲಿಗೆ ಹಾಕಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಚಮಚದಲ್ಲಿ ಕೊಡುವುದು ವಾಡಿಕೆ. ಮನೆಯವರೆಲ್ಲ ಸೇರುವ ತನಕ ಯಾರೂ ಬಾಯಿಗಿಡುವಂತಿಲ್ಲ. ಹಬ್ಬದ ಆ ಒಂದು ದಿನದ ಕಟ್ಟಳೆಯನ್ನು ಈ ಮಹಾಶಯ ಸ್ವೀಡನ್ನಿಗೆ ಹೊತ್ತು ತಂದು ಕಂಡಕಂಡದ್ದಕ್ಕೆಲ್ಲ ಅಂಟಿಸಿಬಿಟ್ಟಿದ್ದ. ಹಿತ್ತಿಲಿನ ಮೊದಲ ಸ್ಟ್ರಾಬೆರಿ, ಮೊದಲ ಆಲೂಗಡ್ಡೆ, ಕೆರೆಯಲ್ಲಿ ಗಾಳ ಹಾಕಿ ಹಿಡಿದ ಮೊದಲ ಮೀನು, ಎಲ್ಲದಕ್ಕೂ ಅದೇ ಕಾನೂನು. ಗ್ಲೆನ್ ಶಾಲೆಯ ಕ್ಯಾಂಪಿಗೆ ಹೋಗಿದ್ದ ವಾರ ಬುಟ್ಟಿಯ ಮೊದಲ ಸ್ಟ್ರಾಬೆರಿಗಳು ಮೇಜಿನ ಮೇಲೆ ಕೊಳೆತು ಹೋದದ್ದುಂಟು.

"ದೇವರಿಗೇ ಇಲ್ಲದ ಕಾನೂನು ಇವರಿಗೆ ಉಂಟು" ಎಂದು ಫಿಲೋಮಿನಾ ಗೊಣಗುತ್ತಿದ್ದಳು. ಗೊಣಗಿದರೂ ಕಾಯುತ್ತಿದ್ದಳು.

ಮನೆಯ ಹಿಂದೆ, ಬಿಲ್ಲಿಂಗೆನ್ ಗುಡ್ಡದ ಕಡೆಗೆ ನೆಲ ಏರುವಲ್ಲಿ, ಒಂದು ಸಾಲು ಮೇಪಲ್ ಮರಗಳಿದ್ದವು. ಅವು ಪಕ್ಕದ ಮನೆಯ ಇಂಗ್ವಾರ್‌ನವು. ಇಂಗ್ವಾರ್ ಒಂದು ಕಾಲಕ್ಕೆ ಹಸು ಸಾಕಿ ಹಾಲು ಮಾರುತ್ತಿದ್ದ ಮುದುಕ. ಹಸುಗಳು ಹೋಗಿ ಬರೀ ಕೊಟ್ಟಿಗೆ ಉಳಿದಿತ್ತು. ಚಳಿ ಬಿಡುವ ಹೊತ್ತಿನಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವು ವಾರಗಳಲ್ಲಿ, ಈ ಮರಗಳ ಕಾಂಡಕ್ಕೆ ಸಣ್ಣ ತೂತು ಕೊರೆದು ನಳಿಕೆ ಇಟ್ಟರೆ ನೀರು ತೊಟ್ಟಿಕ್ಕುತ್ತದೆ ಎಂದು ತೋರಿಸಿಕೊಟ್ಟವನು ಅವನೇ. ನೋಡಿದರೆ ಬರೀ ನೀರು. ಕುಡಿದರೆ, ನುಂಗಿ ಆದ ಮೇಲೆ, ನಾಲಿಗೆಯ ಬುಡದಲ್ಲಿ ಚೂರೇ ಚೂರು ಸಿಹಿ.

ಗ್ಲೆನ್ ಸಣ್ಣವನಿದ್ದಾಗ ಅಪ್ಪ ಮಗ ಸೇರಿ ಒಂದು ಮರಕ್ಕೆ ಡಬ್ಬ ಕಟ್ಟಿದ್ದರು. ಇಡೀ ದಿನ ಕಾದರೂ ಸಿಕ್ಕಿದ್ದು ಒಂದು ಲೋಟ. ಮೂವರೂ ಕುಳಿತು, ಕಾನೂನಿನ ಪ್ರಕಾರ, ಚಮಚದಲ್ಲಿ ಹಂಚಿಕೊಂಡು ಕುಡಿದರು.

"ಪಪ್ಪಾ, ನಿಮ್ಮ ಫ್ಯಾಕ್ಟರಿಯ ಹಾಗೆ ವ್ಯಾಕ್ಯೂಮ್ ಹಾಕಿ ಎಳೆದ್ರೆ ಜಾಸ್ತಿ ಬರುದಿಲ್ವಾ?" ಎಂದು ಆಗ ಗ್ಲೆನ್ ಕೇಳಿದ್ದ.

ಸಿಪ್ರಿಯನ್ ಹಿಗ್ಗಿ ಹೀರೇಕಾಯಿಯಾದ. "ಬರ್ತದೆ. ಹಾಕುವಾ ಮಗಾ. ನಾವಿಬ್ರೂ ಸೇರಿ ಹಾಕುವಾ" ಎಂದ. ಆಮೇಲೆ ಓವರ್‌ಟೈಮು, ಮನೆಯ ಸಾಲ, ಮಗನ ಟೇಬಲ್ ಟೆನಿಸ್ಸು, ಪರೀಕ್ಷೆ ಎಂದು ವರ್ಷಗಳು ಕಳೆದವು. ಆ ಮಾತು ಹಾಗೇ ಉಳಿಯಿತು.

ಗ್ಲೆನ್ ಓದಿ ದೊಡ್ಡವನಾಗಿ ಟೋರ್ಸ್‌ಲಾಂಡದ ಕಾರು ಕಾರ್ಖಾನೆಗೆ ಎಂಜಿನಿಯರ್ ಆಗಿ ಸೇರಿದ. ಒಂದು ಶನಿವಾರ ಎಲಿನ್ ಎಂಬ ಹುಡುಗಿಯನ್ನು ಮನೆಗೆ ಕರೆತಂದು, ತಾವಿಬ್ಬರೂ ಒಂದು ಅಪಾರ್ಟ್‌ಮೆಂಟ್ ತೆಗೆದುಕೊಂಡು ಒಟ್ಟಿಗೆ ಇದ್ದೇವೆ ಎಂದ. ಫಿಲೋಮಿನಾ ಹುಡುಗಿಯನ್ನು ನೋಡಿದ ಕೂಡಲೇ ತನ್ನ ದೊಡ್ಡ ಕುಕ್ಕರ್ ಇಳಿಸಿ ಹಂದಿಮಾಂಸ ಬೇಯಲಿಟ್ಟಳು. ಸಿಪ್ರಿಯನ್ ಮಾತ್ರ "ಮದುವೆ ಯಾವಾಗ?" ಎಂದು ಕೇಳಿದ. ಅಂಥ ಯೋಚನೆ ಈಗ ಇಲ್ಲ, ಇಲ್ಲಿ ಎಲ್ಲರೂ ಹೀಗೇ ಇರುತ್ತಾರೆ ಎಂದು ಗ್ಲೆನ್ ಹೇಳಿದ. ಸಿಪ್ರಿಯನ್ ಎದ್ದು ಹೋಗಿ ಮಗನಿಗೆ ಮಹಡಿಯ ಕೋಣೆಯಲ್ಲಿಯೂ ಎಲಿನ್‌ಗೆ ಕೆಳಗೆ ಸೋಫಾದ ಮೇಲೆಯೂ ಹಾಸಿಗೆ ಹಾಕಿದ. ಹಾಸಿದ್ದಷ್ಟೇ ಅಲ್ಲ, "ನನ್ನ ಮನೆಯಲ್ಲಿ ಹೀಗೇ" ಎಂದು ಸ್ವೀಡಿಷಿನಲ್ಲಿ, ಹುಡುಗಿಗೆ ಅರ್ಥವಾಗುವ ಹಾಗೆ, ಹೇಳಿದ. ಎಲಿನ್‌ಳ ಮುಖ ಕೆಂಪಾಯಿತು. ಊಟಕ್ಕೆ ಮೊದಲೇ ಅವರಿಬ್ಬರೂ ಕಾರು ಹತ್ತಿ ಹೋದರು. ಫಿಲೋಮಿನಾ ಆ ಮಾಂಸವನ್ನು ಡಬ್ಬಗಳಿಗೆ ತುಂಬಿ ಫ್ರೀಜರಿಗಿಟ್ಟು, ವಾರಗಟ್ಟಲೆ ಒಬ್ಬಳೇ ಬಿಸಿ ಮಾಡಿಕೊಂಡು ತಿಂದಳು. ಸಿಪ್ರಿಯನ್ ಮುಟ್ಟಲಿಲ್ಲ.

ಅದಾದ ಮೇಲೆ ಗ್ಲೆನ್ ಮನೆಗೆ ಬರಲಿಲ್ಲ. ತಾಯಿಯ ಹತ್ತಿರ ಫೋನಿನಲ್ಲಿ ಮಾತು. ಅವಳನ್ನು ನೋಡಬೇಕೆನಿಸಿದರೆ ಊರೊಳಗಿನ ಕಾಫಿ ಅಂಗಡಿಯಲ್ಲಿ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ-ತಿಂಡಿಗೆ, ಕೂತು ಹೋಗುವುದು. ಅಪ್ಪನ ಸುದ್ದಿ ಬಂದರೆ ಒಂದೇ ಮಾತು: "ಪಪ್ಪಾ ಕರೆದ್ರೆ ಬರ್ತೇನೆ." ಸಿಪ್ರಿಯನ್‌ನದೂ ಒಂದೇ ಮಾತು: "ಅವನ ಮನೆಗೆ ಅವನನ್ನು ಕರೀಬೇಕಾ?" ಕರೆಯಬೇಕು ಎಂದು ಅವನಿಗೆ ಗೊತ್ತಿತ್ತು. ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಫಿಲೋಮಿನಾಳ ಹೃದಯ ಸೋತಿತು. ಕಾಲು ಊದಿಕೊಂಡಿತು, ನಾಲ್ಕು ಹೆಜ್ಜೆಗೆ ಏದುಸಿರು. ಹೃದಯ ಎಂಬ ಪಂಪು ದುರ್ಬಲವಾಗಿದೆ, ನೀರು ಶ್ವಾಸಕೋಶದಲ್ಲಿ ನಿಲ್ಲುತ್ತಿದೆ ಎಂದು ಡಾಕ್ಟರು ಸಿಪ್ರಿಯನ್‌ಗೆ ತಿಳಿಯುವ ಭಾಷೆಯಲ್ಲೇ ಹೇಳಿದರು. ಗುಳಿಗೆಗಳ ಜೊತೆಗೆ ಒಂದು ಪಥ್ಯ ಬಂತು: ದಿನಕ್ಕೆ ಒಂದು ಜಗ್ಗು ನೀರು, ಅಷ್ಟೇ. ಕಾಫಿ, ಗಂಜಿತಿಳಿ, ಸಾರು ಎಲ್ಲವೂ ಅದರೊಳಗೆ. ಬೆಳಿಗ್ಗೆ ಸಿಪ್ರಿಯನ್ ಜಗ್ಗು ತುಂಬಿ ಮೇಜಿನ ಮೇಲಿಡುತ್ತಿದ್ದ. ಅವಳು ಒಂದು ಲೋಟ ಕಾಫಿ ಕುಡಿದರೆ ಒಂದು ಲೋಟ ನೀರು ಚೆಲ್ಲುತ್ತಿದ್ದ. ಅವಳಿಗೆ ಸದಾ ಬಾಯಾರಿಕೆ. ಮಧ್ಯಾಹ್ನವಾಗುವಷ್ಟರಲ್ಲಿ ಜಗ್ಗನ್ನೇ ನೋಡುತ್ತ ಕೂತಿರುತ್ತಿದ್ದಳು.

ಫೆಬ್ರುವರಿಯ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಹತ್ತಿರ ಕುಳಿತವಳು ಮರಗಳನ್ನು ತೋರಿಸಿ, "ಈ ವರ್ಷ ನನಗೆ ಆ ನೀರು ಕುಡೀಬೇಕು" ಎಂದಳು.

"ತರ್ತೇನೆ. ಅದಕ್ಕೆಂಥ?" ಎಂದ ಸಿಪ್ರಿಯನ್.

"ಆದ್ರೆ ಕಾನೂನು ಉಂಟಲ್ಲ ನಿಮ್ಮದು. ವರ್ಷದ ಮೊದಲ ನೀರು. ಎಲ್ರೂ ಸೇರದೆ ಕುಡೀಲಿಕ್ಕಿಲ್ಲ. ಗ್ಲೆನ್‌ನನ್ನು ಕರೀರಿ. ಆ ಹುಡುಗಿಯನ್ನೂ."

ಸಿಕ್ಕಿಬಿದ್ದೆ ಎಂದು ಅವನಿಗೆ ಗೊತ್ತಾಯಿತು. ತನ್ನದೇ ಕಾನೂನನ್ನು ಹೆಂಡತಿ ತನ್ನ ಕೊರಳಿಗೆ ಸುತ್ತಿದ್ದಳು. ಸಿಟ್ಟು ಬರಲಿಲ್ಲ, ಒಳಗೊಳಗೇ ಸಮಾಧಾನವೇ ಆಯಿತು. ಮಗನಿಗೆ ಕ್ಷಮಿಸು ಎನ್ನುವುದು ಅವನಿಂದಾಗದು. ಆದರೆ "ನೀನು ಹೇಳಿದ್ದೆಯಲ್ಲ, ವ್ಯಾಕ್ಯೂಮ್ ಹಾಕಿದ್ದೇನೆ, ಬಂದು ನೋಡು" ಎನ್ನಬಹುದು. ಅಷ್ಟು ಅವನಿಂದಾದೀತು.

"ಕರೀತೇನೆ. ಮೊದಲು ಮಿಷನ್ ರೆಡಿ ಆಗ್ಲಿ" ಎಂದ.

ಇಂಗ್ವಾರ್‌ನ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರದ ಹಳೆಯ ವ್ಯಾಕ್ಯೂಮ್ ಪಂಪ್ ಬಿದ್ದಿತ್ತು. ಸಿಪ್ರಿಯನ್ ಅದನ್ನು ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಾಕಿ ಓಡಿಸಿದ. ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದು, ಎಲ್ಲವನ್ನೂ ಕೊಟ್ಟಿಗೆಯಲ್ಲಿಟ್ಟ ಉಕ್ಕಿನ ಹಾಲಿನ ಕ್ಯಾನಿಗೆ ಸೇರಿಸಿದ. ಕ್ಯಾನಿನ ಮುಚ್ಚಳದಿಂದ ಇನ್ನೊಂದು ಕೊಳವೆ ಪಂಪಿಗೆ. ಪಂಪು ಕ್ಯಾನಿನ ಗಾಳಿ ಎಳೆಯಬೇಕು, ಖಾಲಿಯಾದ ಕ್ಯಾನು ಮರದ ನೀರು ಎಳೆಯಬೇಕು. ಮೊದಲ ಪರೀಕ್ಷೆಗೆ ಬಾವಿಯ ನೀರನ್ನೇ ಕೊಳವೆಗೆ ಬಿಟ್ಟು ಓಡಿಸಿದಾಗ ಕ್ಯಾನಿನಿಂದ ತೇವವೂ ನೊರೆಯೂ ಗಾಳಿಯ ಜೊತೆ ಹೊರಟು ಸೀದಾ ಪಂಪಿನೊಳಗೆ ಹೋದವು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಯಿತು.

ಇಂಗ್ವಾರ್ ಇಣುಕಿ ನೋಡಿ ತಲೆಯಾಡಿಸಿದ. ಸಿಪ್ರಿಯನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾನಿಗೂ ಪಂಪಿಗೂ ನಡುವೆ ಇನ್ನೊಂದು ಪಾತ್ರೆ ಬೇಕು. ದಾರಿ ತಪ್ಪಿ ಬಂದ ನೀರು ಅದರ ತಳದಲ್ಲಿ ಉಳಿದು ಒಣಗಾಳಿ ಮಾತ್ರ ಮುಂದೆ ಹೋಗಬೇಕು. ಕಾರ್ಖಾನೆಯಲ್ಲಿ ಅದಕ್ಕೆ ಮಾಯಿಶ್ಚರ್ ಟ್ರ್ಯಾಪ್ ಎನ್ನುತ್ತಿದ್ದರು. ತರಿಸಿಕೊಳ್ಳಲೂಬಹುದಿತ್ತು. ಆದರೆ ಮಗ ಬಂದು ನೋಡುವಾಗ ಅಪ್ಪನ ಕೈಕೆಲಸ ಕಾಣಬೇಡವೇ? ಇನ್ನೊಂದು ಮಾತೂ ಇತ್ತು, ಅದನ್ನು ಅವನು ತನಗೇ ಹೇಳಿಕೊಳ್ಳಲಿಲ್ಲ: ಟ್ರ್ಯಾಪು ಆಗುವ ತನಕ ಫೋನ್ ಮಾಡಬೇಕಾಗಿಲ್ಲ.

ಮೊದಲು ಬಣ್ಣದ ಖಾಲಿ ಬಕೆಟ್ಟಿಗೆ ಎರಡು ಕೊಳವೆ ಸಿಕ್ಕಿಸಿದ. ಪಂಪ್ ಹಾಕಿದ್ದೇ ತಡ, ಬಕೆಟ್ಟು ಢಬ್ ಎಂದು ಒಳಗೆ ಮುದುಡಿ ಚಪ್ಪಟೆಯಾಯಿತು. ಅಪರೂಪಕ್ಕೆ ಇಂಗ್ವಾರ್ ನಕ್ಕ. ಸಿಪ್ರಿಯನ್ ಮನೆಗೆ ಬಂದು ದಪ್ಪ ಪಾತ್ರೆ ಹುಡುಕಿ, ದಿನಾ ಅನ್ನ ಮಾಡುವ ಸಣ್ಣ ಕುಕ್ಕರನ್ನು ಒಯ್ದ. ಸೀಟಿ ಕೂರುವ ತೂತಿಗೆ ಪಂಪಿನ ಕೊಳವೆ ಜೋಡಿಸಿದ. ಪಂಪ್ ಹಾಕಿದ ಕೂಡಲೇ ಮುಚ್ಚಳ ಠಣ್ ಎಂದು ಪಾತ್ರೆಯೊಳಗೆ ಬಿತ್ತು. ಮತ್ತೆ ಕೂರಿಸಿದ. ಮತ್ತೆ ಬಿತ್ತು. ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡು, ಗ್ಯಾಸ್ಕೆಟ್ಟು ಹಾಳಾಗಿದೆ ಎಂದು ಬೈಯುತ್ತ ಅಡುಗೆಮನೆಗೆ ಬಂದಾಗ ಫಿಲೋಮಿನಾ ನಗಲಿಕ್ಕೆ ಹೋಗಿ ಕೆಮ್ಮಿದಳು.

"ಅದು ಒಳಮುಚ್ಚಳದ ಕುಕ್ಕರ್ ಮಾರಾಯ್ರೆ. ಒಳಗಿಂದ ಹಬೆ ಒತ್ತಿದ್ರೆ ಮುಚ್ಚಳ ಕೂರ್ತದೆ. ನೀವು ಎಳೆದ್ರೆ ಅದು ಬೀಳದೆ ಎಂಥ ಮಾಡ್ತದೆ?"

ಆಯುಷ್ಯವಿಡೀ ಗಾಳಿ ಎಳೆದವನು ತುಟಿ ಕಚ್ಚಿಕೊಂಡ.

"ನನ್ನ ದೊಡ್ಡದನ್ನು ತಗೊಳ್ಳಿ. ಅದರದ್ದು ಹೊರಮುಚ್ಚಳ. ಎಳೆದಷ್ಟೂ ಗಟ್ಟಿ ಕೂರ್ತದೆ" ಎಂದು ಅವಳು ಕೆಳಗಿನ ಕಪಾಟಿನ ಕಡೆಗೆ ಬೊಟ್ಟು ಮಾಡಿದಳು.

ಅದು ಅವಳು ಉಡುಪಿಯಿಂದ ತನ್ನ ಸೀರೆಗಳನ್ನು ಬಿಟ್ಟು ಪೆಟ್ಟಿಗೆಯಲ್ಲಿ ತುಂಬಿಸಿ ತಂದ ಕುಕ್ಕರ್. ಗ್ಲೆನ್‌ನ ಪ್ರಥಮ ಪರಮಪ್ರಸಾದದ ಊಟ ಅದರಲ್ಲೇ, ಕ್ರಿಸ್ಮಸ್ಸಿಗೆ ಶೋವ್ಡೆಯ ಮಂಗಳೂರಿನವರೆಲ್ಲ ಸೇರಿದಾಗ ಇಡ್ಲಿಯಂಥ ಸಾನ್ನ ಬೇಯಿಸಿದ್ದು ಅದರಲ್ಲೇ. ಆ ಶನಿವಾರದ ಮಾಂಸದ ನಂತರ ಅದು ಒಲೆ ಹತ್ತಿರಲಿಲ್ಲ.

"ಅದು ಬೇಡ. ನಿನಗೆ ಬೇಕಾಗ್ತದೆ" ಎಂದ ಸಿಪ್ರಿಯನ್.

"ನಾನು ಇನ್ನು ಹತ್ತು ಜನಕ್ಕೆ ಅಡುಗೆ ಮಾಡ್ಲಿಕ್ಕುಂಟಾ? ತಗೊಂಡು ಹೋಗಿ."

ಅವನು ಅಡುಗೆಮನೆಯ ಮೇಜಿನ ಮೇಲೇ ಕೆಲಸಕ್ಕೆ ಕೂತ, ಅವಳು ಎದುರಿಗೆ. ಇಂಥ ದಿನಗಳು ಅವರಿಗೆ ಸಿಕ್ಕಿ ಬಹಳ ಕಾಲವಾಗಿತ್ತು. ಮುಚ್ಚಳದ ಸುರಕ್ಷಾ ಕವಾಟ ತೆಗೆದು ಆ ತೂತಿಗೆ ಕ್ಯಾನಿನಿಂದ ಬರುವ ಕೊಳವೆ, ಸೀಟಿಯ ತೂತಿಗೆ ಪಂಪಿನ ಕೊಳವೆ ಜೋಡಿಸಿದ. ಸೀಟಿಯ ತೂತಿನ ಕೆಳಗೆ, ಮುಚ್ಚಳದ ಒಳಮೈಗೆ, ಉಕ್ಕಿನ ತಂತಿಯ ಉದ್ದನೆಯ ಪಂಜರ ಕಟ್ಟಿ ಅದರೊಳಗೆ ಒಂದು ಹಗುರದ ಚೆಂಡು ಬಿಡಬೇಕಿತ್ತು. ನೀರು ಮಿತಿ ಮೀರಿದರೆ ಚೆಂಡು ತೇಲಿ ಮೇಲೆ ಬಂದು ತೂತು ಮುಚ್ಚಬೇಕು. ಆಗ ಪಂಪಿಗೆ ಒಂದು ಹನಿಯೂ ಹೋಗದು. ಚೆಂಡಿಗೆ ಏನು ಮಾಡುವುದೆಂದು ಅವನು ಯೋಚಿಸುತ್ತಿದ್ದಾಗ ಫಿಲೋಮಿನಾ ಗೋಡೆ ಹಿಡಿದುಕೊಂಡು ಎದ್ದು ಹೋಗಿ, ಗ್ಲೆನ್‌ನ ಹಳೆಯ ಟೇಬಲ್ ಟೆನಿಸ್ ಚೆಂಡು ತಂದಿಟ್ಟಳು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಬರೆದ 'ಜಿ' ಅಕ್ಷರ ಇನ್ನೂ ಅಳಿಸಿರಲಿಲ್ಲ.

ಉಳಿದದ್ದು ತಳದ ತೂತು. ಅಂಥ ಪಾತ್ರೆಗೆ ತಳದಲ್ಲಿ ಒಂದು ನಲ್ಲಿ ಇರಬೇಕು. ಸೇರಿದ ನೀರನ್ನು ಆಗಾಗ ಬಿಡಲಿಕ್ಕೆ. ಸಿಪ್ರಿಯನ್ ಕುಕ್ಕರನ್ನು ಬೋರಲು ಹಾಕಿ, ಡ್ರಿಲ್ಲಿನ ತುದಿಯನ್ನು ತಳಕ್ಕೆ ಒತ್ತಿ ಹಿಡಿದ. ಮುಚ್ಚಳದ ಕೆಲಸವನ್ನೆಲ್ಲ ಬಿಚ್ಚಿದರೆ ಕುಕ್ಕರು ಮತ್ತೆ ಕುಕ್ಕರೇ. ತಳಕ್ಕೆ ತೂತು ಬಿದ್ದರೆ ಇನ್ನೆಂದೂ ಅದರಲ್ಲಿ ಅಡುಗೆಯಾಗದು. ಅವನ ಬೆರಳು ಸ್ವಿಚ್ ಒತ್ತಲಿಲ್ಲ.

"ಕೊರೀರಿ. ಎಂಥಕ್ಕೆ ನಿಂತದ್ದು?" ಎಂದಳು ಫಿಲೋಮಿನಾ.

"ಬೇಡ. ಈಸ್ಟರಿಗೆ ಸಾನ್ನ ಮಾಡ್ಬೇಕಲ್ಲ ನೀನು" ಎಂದ. "ನೀರು ಸೇರಿದ್ರೆ ಮುಚ್ಚಳ ತೆಗೆದು ಚೆಲ್ಲಿದ್ರಾಯ್ತು."

ಅವಳು ಅವನ ಮುಂಗೈಯ ಮೇಲೆ ತನ್ನ ಊದಿದ ಕೈ ಇಟ್ಟಳು.

ಮಾರ್ಚಿನ ನಡುವಿನಲ್ಲಿ ಬಿಸಿಲು ಬಿತ್ತು. ಸಿಪ್ರಿಯನ್ ಮರಗಳಿಗೆ ತೂತು ಕೊರೆದು ನಳಿಕೆ ಇಟ್ಟು ಪಂಪ್ ಹಾಕಿದ. ಕುಕ್ಕರಿನ ಮುಚ್ಚಳ ಹಿಡಿದು ಎಳೆದು ನೋಡಿದ, ಜಗ್ಗಲಿಲ್ಲ. ಕೊಳವೆಯಲ್ಲಿ ನೀರು ಗುಳ್ಳೆಗುಳ್ಳೆಯಾಗಿ ಓಡಿ ಬಂತು. ಮಧ್ಯಾಹ್ನಕ್ಕೆ ಕ್ಯಾನು ಅರ್ಧ ತುಂಬಿತ್ತು. ಪಂಪಿನ ಎಣ್ಣೆ ನೋಡಿದರೆ ಜೇನಿನಂತೆ ತಿಳಿಯಾಗಿತ್ತು. ಕುಕ್ಕರನ್ನು ಮೆಲ್ಲಗೆ ಅಲುಗಾಡಿಸಿದ. ಒಳಗೆ ಸ್ವಲ್ಪ ನೀರು ತುಳುಕುವ ಸದ್ದು. ತಪ್ಪಿ ಬಂದದ್ದನ್ನೆಲ್ಲ ಅದು ಹಿಡಿದುಕೊಂಡಿತ್ತು. ಮುಚ್ಚಳ ತೆಗೆಯಲು ಹೋದವನು ಕೈ ಹಿಂದಕ್ಕೆ ತೆಗೆದ. ಗ್ಲೆನ್ ಬಂದ ಮೇಲೆ ಅವನ ಕೈಯಲ್ಲೇ ತೆಗೆಸಬೇಕು. ಒಳಗೆ ನೀರು, ನೀರಿನ ಮೇಲೆ ತನ್ನದೇ ಚೆಂಡು ನೋಡಿದರೆ ಹುಡುಗನಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಅಲ್ಲಿಂದಲೇ, ಕೊಟ್ಟಿಗೆಯಲ್ಲಿ ನಿಂತೇ, ಫೋನ್ ಮಾಡಿದ.

"ಗ್ಲೆನ್. ಇದು ಪಪ್ಪಾ."

ಉತ್ತರಕ್ಕೆ ಕಾಯದೆ ಮುಂದುವರಿಸಿದ.

"ಮೇಪಲ್ ನೀರು ಬಂದಿದೆ. ವ್ಯಾಕ್ಯೂಮ್ ಹಾಕಿದ್ದೇನೆ. ನೀನು ಹೇಳಿದ್ದೆಯಲ್ಲ." ಕುಕ್ಕರಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡ. "ಬನ್ನಿ. ಇಬ್ರೂ ಬನ್ನಿ."

"ಸಾಟರ್ಡೇ ಬರ್ತೇವೆ ಪಪ್ಪಾ" ಎಂದ ಗ್ಲೆನ್. "ಎಲಿನ್‌ಗೂ ಹೇಳ್ತೇನೆ. ಶಿ ವಿಲ್ ಕಮ್."

ಸಿಪ್ರಿಯನ್ ಮನೆಗೆ ಓಡಿದ ಎಂದರೆ ಸುಳ್ಳಲ್ಲ. ಆ ವಯಸ್ಸಿನಲ್ಲಿ, ಆ ಮಂಜಿನಲ್ಲಿ, ಜಾರಿ ಬೀಳದೆ ಹೋದದ್ದು ದೊಡ್ಡದು. ಫಿಲೋಮಿನಾ ಸುದ್ದಿ ಕೇಳಿ ಅತ್ತಳು. ಅತ್ತು, ಕಣ್ಣೊರೆಸಿಕೊಂಡು, ಮಹಡಿಯ ಕೋಣೆಯಲ್ಲಿ ದೊಡ್ಡ ಹಾಸಿಗೆ ಹಾಕಬೇಕು ಎಂದಳು. ಅವನು ಆಯಿತು ಎಂದ. ಒಂದೇ ಮಾತಿಗೆ ಆಯಿತು ಎಂದದ್ದು ನೋಡಿ ಅವಳು ಮತ್ತೆ ಅತ್ತಳು.

ಮರುದಿನ ಸಂಜೆ ಅವನು ಕುಕ್ಕರಿನ ಎರಡೂ ಕೊಳವೆಗಳನ್ನು ಕ್ಲಿಪ್ಪಿನಿಂದ ಬಿಗಿದು, ಕ್ಯಾನನ್ನು ಬಿಚ್ಚಿ ತಂದು ಹಿತ್ತಿಲಿನ ಮಂಜಿನ ರಾಶಿಯಲ್ಲಿ ಕುತ್ತಿಗೆ ತನಕ ಹುಗಿದು, ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಅವಳು ಮೇಜಿನ ಹತ್ತಿರ ಕುಳಿತಿದ್ದಳು. ಮುಂದೆ ಜಗ್ಗು, ಅದರಲ್ಲಿ ಒಂದು ಲೋಟದಷ್ಟು ನೀರು ಉಳಿದಿತ್ತು.

"ಇವತ್ತು ಉಳಿಸಿದ್ದೇನೆ" ಎಂದಳು. "ಬೆಳಿಗ್ಗೆಯಿಂದ ಹಿಡಿದು ಹಿಡಿದು ಕುಡಿದದ್ದು. ಇದನ್ನು ಚೆಲ್ಲಿ, ಇದರ ಬದಲು ಆ ಮರದ ನೀರು ಕೊಡಿ. ಲೆಕ್ಕ ತಪ್ಪುದಿಲ್ಲ."

"ಶನಿವಾರ ಕುಡಿಯುವಾ, ಫಿಲ್ಲು."

"ಒಂದು ಚಮಚ ಸಾಕು. ರುಚಿ ಮಾತ್ರ ನೋಡ್ತೇನೆ."

"ಇನ್ನು ಎಷ್ಟು ದಿನ? ಅವನು ಬರ್ತಾನಲ್ಲ. ಎಲ್ರೂ ಕೂತು ಕುಡಿಯುವಾ."

"ಊರಲ್ಲಿ ದೂರ ಇದ್ದವರಿಗೆ ಮೊಂತಿ ಹಬ್ಬದ ಕಾಳನ್ನು ಕವರಲ್ಲಿ ಹಾಕಿ ಕಳಿಸ್ತಿರ್ಲಿಲ್ವಾ? ಮನೆಯಲ್ಲಿದ್ದವರು ತಿಂತಿರ್ಲಿಲ್ವಾ?"

"ನೀರನ್ನು ಕವರಲ್ಲಿ ಕಳಿಸ್ಲಿಕ್ಕಾಗ್ತದಾ?" ಎಂದು ಅವನು ನಕ್ಕ. ಖುಷಿಯಲ್ಲಿದ್ದ. ಶನಿವಾರದ ಚಿತ್ರ ಅವನ ಕಣ್ಣಿಗೆ ಕಟ್ಟಿತ್ತು: ಮೇಜಿನ ಸುತ್ತ ನಾಲ್ವರು, ಅವನ ಕೈಯಲ್ಲಿ ಚಮಚ, ಮೊದಲು ಎಲಿನ್‌ಗೆ, ಆಮೇಲೆ ಮಗನಿಗೆ, ಆಮೇಲೆ ಫಿಲ್ಲುಗೆ. ಅದರಲ್ಲಿ ಒಂದು ಹನಿಯೂ ಮುಂಚೆ ಖರ್ಚಾಗಬಾರದು. ಇಷ್ಟು ವರ್ಷ ಕೆಟ್ಟದ್ದೆಲ್ಲ ಆ ಒಂದು ಗಳಿಗೆಯಲ್ಲಿ ಸರಿಯಾಗಬೇಕೆಂದು ಅವನು ಪಣ ತೊಟ್ಟಂತಿತ್ತು.

ಫಿಲೋಮಿನಾ ಅವನ ಮುಖ ನೋಡಿದಳು. "ಆಯ್ತು ಮಾರಾಯ್ರೆ, ಕಾಯ್ತೇನೆ" ಎಂದಳು. ಜಗ್ಗಿನಲ್ಲಿ ಉಳಿಸಿದ್ದ ನೀರನ್ನು ಅವಳು ಕುಡಿಯಲಿಲ್ಲ.

ಗುರುವಾರವೂ ಅವಳು ನೀರು ಉಳಿಸಿದಳು. ಶನಿವಾರಕ್ಕೆ ಅಭ್ಯಾಸವಾಗಲಿ ಎಂದು ತಮಾಷೆ ಮಾಡಿದಳು. ಶುಕ್ರವಾರ ಬೆಳಿಗ್ಗೆ ಅವನು ಕಾಫಿ ಹಿಡಿದುಕೊಂಡು ಹೋದಾಗ ಹಾಸಿಗೆಯ ಮೇಲೆ ಎದ್ದು ಕುಳಿತು, ಎರಡೂ ಕೈ ಊರಿ, ಗಾಳಿಗಾಗಿ ಬಾಯಿ ಬಿಡುತ್ತಿದ್ದಳು. ಎದೆಯೊಳಗೆ ನೀರು ಗುಳುಗುಳು ಎನ್ನುವುದು ಬಾಗಿಲಿಗೇ ಕೇಳಿಸುತ್ತಿತ್ತು. ಆಂಬುಲೆನ್ಸ್ ಬಂತು. ಬೇಗನೇ ಬಂತು, ಯಾರನ್ನೂ ದೂರುವಂತಿಲ್ಲ. ಆಸ್ಪತ್ರೆಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಗ್ಲೆನ್ ಟೋರ್ಸ್‌ಲಾಂಡದಿಂದ ಕೆಲಸದ ಬಟ್ಟೆಯಲ್ಲೇ ಕಾರು ಓಡಿಸಿಕೊಂಡು ಬಂದು, ಕಾರಿಡಾರಿನಲ್ಲಿ ಅಪ್ಪನನ್ನು ಕಂಡು, ಕೇಳುವ ಮೊದಲೇ ತಿಳಿದುಕೊಂಡ. ಅಪ್ಪ ಮಗ ಅಲ್ಲಿ ತಬ್ಬಿಕೊಂಡರು. ಆದರೆ ಅದನ್ನು ನೋಡಬೇಕಾದವಳು ನೋಡಲಿಲ್ಲ.

ಮನೆಗೆ ಬಂದ ಸಿಪ್ರಿಯನ್‌ಗೆ ಅಡುಗೆಮನೆಯ ಮೇಜಿನ ಮೇಲೆ ಜಗ್ಗು ಕಾಣಿಸಿತು. ಹಿಂದಿನ ದಿನದ್ದು. ಅದರ ತಳದಲ್ಲಿ ಒಂದು ಲೋಟದಷ್ಟು ನೀರು. ಕುಡಿಯುವ ನೀರೇ ಮಿತಿಯಾಗಿದ್ದ ಹೆಂಗಸು, ಬಾಯಿ ಒಣಗಿಸಿಕೊಂಡು, ಒಂದು ಚಮಚದ ಆಸೆಗೆ ಅದನ್ನು ಉಳಿಸಿಟ್ಟಿದ್ದಳು. ಅವನು ಜಗ್ಗನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಕುಳಿತು ಮಗುವಿನಂತೆ ಅತ್ತ. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ, ಮಂಜಿನಿಂದ ಕ್ಯಾನನ್ನು ಕಿತ್ತು, ಇಡೀ ಕ್ಯಾನನ್ನು ಮರಗಳ ಬುಡಕ್ಕೆ ಸುರಿದುಬಿಟ್ಟ. ಗ್ಲೆನ್ ತಡೆಯಲಿಲ್ಲ. ಇಂಗ್ವಾರ್ ಬಂದು ಖಾಲಿ ಕ್ಯಾನನ್ನು ಕೊಟ್ಟಿಗೆಗೆ ಒಯ್ದು, ಪಂಪಿನ ಪ್ಲಗ್ಗನ್ನು ತೆಗೆದ.

ಶವಸಂಸ್ಕಾರ ಮುಗಿಯಿತು. ದೂರದಿಂದ ಬಂದ ಮಂಗಳೂರಿನವರು ಸಮಾಧಾನ ಹೇಳಿ ಹೋದರು. ಈಸ್ಟರ್ ಬಂತು, ಹೋಯಿತು. ಸಾನ್ನ ಯಾರೂ ಮಾಡಲಿಲ್ಲ. ಮರಗಳು ಮೊಗ್ಗೊಡೆದವು. ಮೊಗ್ಗೊಡೆದ ಮೇಲೆ ಬರುವ ನೀರು ಕಹಿ. ಆ ವರ್ಷದ ಮಟ್ಟಿಗೆ ಮುಗಿದಂತೆಯೇ.

ಫಿಲೋಮಿನಾ ತೀರಿ ತಿಂಗಳಾದದ್ದಕ್ಕೆ ಚರ್ಚಿನಲ್ಲಿ ಇಡಿಸಿದ್ದ ಪೂಜೆಗೆ ಗ್ಲೆನ್ ಮತ್ತು ಎಲಿನ್ ಹಿಂದಿನ ದಿನವೇ ಬಂದರು. ಸಿಪ್ರಿಯನ್ ಮಹಡಿಯ ಕೋಣೆಯಲ್ಲಿ ಇಬ್ಬರಿಗೂ ಹಾಸಿಗೆ ಹಾಕಿಟ್ಟಿದ್ದ, ಫಿಲೋಮಿನಾಳ ಕಸೂತಿಯ ದಿಂಬುಗಳನ್ನೂ ಇಟ್ಟಿದ್ದ. ಎಲಿನ್ ಅದನ್ನು ನೋಡಿ ಕೆಳಗೆ ಬಂದು ಅವನ ಕೈ ಹಿಡಿದುಕೊಂಡಳು. ಸಿಪ್ರಿಯನ್ ಅವಳಿಗೆ ಕೂರಲು ಕುರ್ಚಿ ಎಳೆದುಕೊಟ್ಟ.

ಪೂಜೆ ಮುಗಿಸಿ ಬಂದ ಮಧ್ಯಾಹ್ನ ಗ್ಲೆನ್, "ಪಪ್ಪಾ, ಮಿಷನ್ ತೋರಿಸ್ತೀರಾ?" ಎಂದ.

ಸಿಪ್ರಿಯನ್ ಆವತ್ತಿನಿಂದ ಕೊಟ್ಟಿಗೆಗೆ ಕಾಲಿಟ್ಟಿರಲಿಲ್ಲ. ಮೂವರೂ ಹೋದರು. ಕೊಳವೆಗಳು, ಪಂಪು, ಖಾಲಿ ಕ್ಯಾನು. ಗ್ಲೆನ್ ಒಂದೊಂದನ್ನೇ ಮುಟ್ಟಿ ನೋಡುತ್ತ ಬಂದು ನಡುವಿನ ಪಾತ್ರೆಯ ಹತ್ತಿರ ನಿಂತುಬಿಟ್ಟ.

"ಇದು ಮಮ್ಮಿಯ ಕುಕ್ಕರ್."

"ಹೌದು. ಟ್ರ್ಯಾಪ್" ಎಂದ ಸಿಪ್ರಿಯನ್. "ಅವಳೇ ಕೊಟ್ಟದ್ದು. ತೆಗೆ. ನೀನೇ ತೆಗೀಬೇಕಂತ ಇಟ್ಟದ್ದು."

ಹಾಗೆ ಹೇಳುವಾಗಲೂ ಚೆಂಡಿನ ಜೊತೆ ಒಳಗೆ ಇನ್ನೇನಿದೆ ಎಂಬುದು ಸಿಪ್ರಿಯನ್‌ಗೆ ನೆನಪಿರಲಿಲ್ಲ. ಗ್ಲೆನ್ ಕೊಳವೆ ಕಿತ್ತ ಕೂಡಲೇ ಗಾಳಿ ಉಸ್ಸೆಂದು ಒಳನುಗ್ಗಿತು; ಇಷ್ಟು ದಿನವೂ ಆ ಮುಚ್ಚಳ ಬಿಗಿಯಾಗೇ ಇತ್ತು. ಹಿಡಿ ತಿರುಗಿಸಿ ಮುಚ್ಚಳ ಎತ್ತಿದ. ತಳದಲ್ಲಿ ಎರಡು ಬೆರಳಷ್ಟು ನೀರು. ಪಂಜರದಿಂದ ಜಾರಿದ ಚೆಂಡು, ನೀಲಿ 'ಜಿ' ಮೇಲಾಗಿ, ಅದರಲ್ಲಿ ತೇಲುತ್ತಿತ್ತು. ತಳಕ್ಕೊಂದು ನಲ್ಲಿ ಇದ್ದಿದ್ದರೆ ಆ ನೀರು ಎಂದೋ ಹರಿದು ಹೋಗಿರುತ್ತಿತ್ತು.

ಸಿಪ್ರಿಯನ್ ಗೋಡೆಗೆ ಒರಗಿದ.

"ಮೊದಲ ದಿನದ್ದು" ಎಂದ. "ಅವಳು ಒಂದು ಚಮಚ ಕೇಳಿದ್ಲು ಮಗಾ. ಒಂದೇ ಚಮಚ. ನೀನು ಬರ್ಲಿ ಅಂತ ನಾನು ಕೊಡ್ಲಿಲ್ಲ."

ಗ್ಲೆನ್ ಕುಕ್ಕರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ತೊಟ್ಟೂ ತುಳುಕದಂತೆ, ಮನೆಗೆ ನಡೆದ. ಅಡುಗೆಮನೆಯ ಮೇಜಿನ ಮೇಲಿಟ್ಟು ಡ್ರಾಯರಿನಿಂದ ನಾಲ್ಕು ಚಮಚ ತೆಗೆದ. ಒಂದನ್ನು ಕಿಟಕಿಯ ಹತ್ತಿರದ ತಾಯಿಯ ಜಾಗದಲ್ಲಿಟ್ಟ. ಉಳಿದವನ್ನು ಅಪ್ಪನ ಮುಂದಿಟ್ಟು, "ನೀವು ಕೊಡಿ" ಎಂದ.

ಸಿಪ್ರಿಯನ್ ಕೊಟ್ಟ. ಮೊದಲು ಎಲಿನ್‌ಗೆ, ಆಮೇಲೆ ಮಗನಿಗೆ. ಫಿಲೋಮಿನಾಳ ಚಮಚವನ್ನೂ ತುಂಬಿ ಅವಳ ಜಾಗದಲ್ಲಿಟ್ಟ. ಎಲಿನ್ ಕಣ್ಣು ಮುಚ್ಚಿ ನುಂಗಿದಳು. ಗ್ಲೆನ್ ಕುಡಿದು ತುಟಿ ಒರೆಸಿಕೊಂಡ.

"ಸ್ವಲ್ಪ ಹುಳಿ ಬಂದಿದೆ" ಎಂದ. ಮತ್ತೆ, "ಆದ್ರೆ ಸಿಹಿ ಉಂಟು ಪಪ್ಪಾ. ಕೊನೆಯಲ್ಲಿ ಉಂಟು. ಕುಡೀರಿ."

ಸಿಪ್ರಿಯನ್ ತನ್ನ ಚಮಚವನ್ನು ಬಾಯಿಯ ತನಕ ತಂದ. ಕಿಟಕಿಯ ಹತ್ತಿರದ ಖಾಲಿ ಕುರ್ಚಿಯನ್ನೂ ಅದರ ಮುಂದಿನ ತುಂಬಿದ ಚಮಚವನ್ನೂ ನೋಡಿದ.

"ಎಲ್ರೂ ಸೇರ್ಲಿಲ್ಲ ಅಲ್ವಾ ಮಗಾ" ಎಂದ.

ಚಮಚವನ್ನು ಮೆಲ್ಲಗೆ ಕುಕ್ಕರಿನೊಳಗೇ ಬಗ್ಗಿಸಿ, ಮುಚ್ಚಳ ಹಾಕಿ, ಹಿಡಿ ತಿರುಗಿಸಿದ.